ಶೋಕೇಸಿನ ಬಾಕ್ಸು, ಎರಡೂವರೆ ಗಿಗಾಬಿಟ್ ಲೈನು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆ ಒಂಬತ್ತು ದಿನಗಳಲ್ಲಿ ನಾನು ಬೈಯದೆ ಬಿಟ್ಟವರು ಕಡಿಮೆ. ಇಂಟರ್ನೆಟ್ಟಿನವರನ್ನು ಬೈದೆ, ವಯರನ್ನು ಬೈದೆ, ಮನೆಯ ಗೋಡೆಯನ್ನು ಬೈದೆ, ಸಮುದ್ರದ ಗಾಳಿಯನ್ನೂ ಬಿಡಲಿಲ್ಲ. ಬೈಸಿಕೊಳ್ಳಬೇಕಾಗಿದ್ದದ್ದು ಕಣ್ಣೆದುರಿಗೇ, ಗಾಜಿನ ಹಿಂದೆ ಹಸಿರು ದೀಪ ಮಿಣುಕಿಸುತ್ತ ಕುಳಿತಿತ್ತು. ಅದಕ್ಕೆ ಮಾತ್ರ ನಾನು ಮರ್ಯಾದೆ ಕೊಟ್ಟೆ.

ನಾನು ಮದುವೆಯ ವಿಡಿಯೊ ಎಡಿಟ್ ಮಾಡುವವಳು. ಉಡುಪಿಯ ಒಂದು ಸ್ಟುಡಿಯೊದಲ್ಲಿ, ಕಿಟಕಿಯೇ ಇಲ್ಲದ ಕೋಣೆಯಲ್ಲಿ ಹದಿನಾರು ವರ್ಷ ಕುಳಿತು ಈ ಕಡೆಯ ಅರ್ಧ ಜನರ ಮದುವೆಗಳನ್ನು ಕತ್ತರಿಸಿ ಅಂಟಿಸಿದ್ದೇನೆ. ಯಾವ ಮಾವ ಊಟದ ಪಂಕ್ತಿಯಲ್ಲಿ ಮುಖ ಗಂಟು ಹಾಕಿಕೊಂಡಿದ್ದರು, ಯಾವ ನಾದಿನಿ ಫೋಟೊಗೆ ಕರೆದಾಗ ಬೇಕೆಂದೇ ಕೈತೊಳೆಯಲು ಹೋದಳು ಎಂಬುದೆಲ್ಲ ನನಗೆ ಗೊತ್ತು. ಅದು ಸಿ.ಡಿ.ಯಲ್ಲಿ ಬಾರದ ಹಾಗೆ ನೋಡಿಕೊಂಡವಳೂ ನಾನೇ. ಎಷ್ಟೋ ಸಂಸಾರಗಳು ನನ್ನ ಕತ್ತರಿಯ ಪುಣ್ಯದಿಂದ ಚೆನ್ನಾಗಿ ಕಾಣುತ್ತಿವೆ ಎಂಬ ಜಂಬ ನನಗೆ ಈಗಲೂ ಇದೆ.

ಅತ್ತೆಗೆ ಮರೆವು ಶುರುವಾದ ಮೇಲೆ ಸ್ಟುಡಿಯೊ ಬಿಟ್ಟೆ. ನಮ್ಮ ಮನೆ ಕಾಪುವಿನಲ್ಲಿ, ಸಮುದ್ರಕ್ಕೆ ನಡೆದರೆ ಐದು ನಿಮಿಷ. ಒಂದು ಬೆಳಿಗ್ಗೆ ಅತ್ತೆ ಗೇಟು ತೆರೆದು, ನಮ್ಮ ದೋಣಿ ಬಂತಾ ನೋಡಿ ಬರುತ್ತೇನೆ ಎಂದು ಹೊರಟುಬಿಟ್ಟರು. ಆ ದೋಣಿ ಮಾರಿ ಮೂವತ್ತು ವರ್ಷವಾಗಿತ್ತು. ನೀರು ಮೊಣಕಾಲಿಗೆ ಬಂದಾಗ ಬಲೆ ಒಣಗಿಸುತ್ತಿದ್ದವರು ಕರೆದುಕೊಂಡು ಬಂದರು. ನನ್ನ ಗಂಡ ಗಲ್ಫಿನಲ್ಲಿ ಹದಿನೆಂಟು ವರ್ಷ ಎ.ಸಿ. ರಿಪೇರಿ ಮಾಡಿ ಬಂದವರು. ಈಗ ಮಲ್ಪೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ ಯಂತ್ರ ನೋಡಿಕೊಳ್ಳುತ್ತಾರೆ, ನಸುಕಿಗೆ ಹೋದರೆ ಮಧ್ಯಾಹ್ನವೇ ಬರುವುದು. ಹಾಗಾಗಿ ಮನೆಯಲ್ಲಿ ಒಬ್ಬರು ಇರಲೇಬೇಕು, ಆ ಒಬ್ಬರು ಯಾರೆಂದು ನಮ್ಮಲ್ಲಿ ಚರ್ಚೆಯೇ ಆಗುವುದಿಲ್ಲ.

ಒಂದು ವರ್ಷ ಅಡುಗೆ, ಅತ್ತೆ, ಗೇಟಿನ ಚಿಲಕ ಇಷ್ಟರಲ್ಲೇ ಕಳೆಯಿತು. ನನ್ನ ಮೈ ನಾನೇ ಪರಚಿಕೊಳ್ಳುವ ಹಾಗಾಗಿತ್ತು. ಆಗ ಮಣಿಪಾಲದಿಂದ ಒಂದು ಕರೆ ಬಂತು. ದೊಡ್ಡ ದೊಡ್ಡ ರೆಸಾರ್ಟ್ ಮದುವೆಗಳ ವಿಡಿಯೊ ಮಾಡುವ ಒಂದು ಕಚೇರಿ. ಅದನ್ನು ನಡೆಸುವವಳು ಉತ್ತರದ ಯಾವುದೋ ಊರಿನಿಂದ ಓದಲು ಬಂದು, ಓದು ಮುಗಿದ ಮೇಲೂ ಇಲ್ಲೇ ನಿಂತ ಹೆಂಗಸು. ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತವಳಾದ್ದರಿಂದ ನಮಗಿಂತ ಶುದ್ಧವಾಗಿ ಮಾತಾಡುತ್ತಾಳೆ. ಮನೆಯಲ್ಲೇ ಕುಳಿತು ಕೆಲಸ ಮಾಡಬಹುದು ಎಂದಳು. ಆದರೆ ಒಂದು ಷರತ್ತು. ಅವರ ಒಂದೊಂದು ಮದುವೆಗೂ ಎಂಟು ಕ್ಯಾಮೆರಾ, ಮದುಮಗಳ ಮೂಗುಬೊಟ್ಟಿನ ಮೇಲಿನ ಧೂಳೂ ಕಾಣುವಷ್ಟು ದೊಡ್ಡ ಚಿತ್ರ. ಅದೆಲ್ಲ ಮಣಿಪಾಲದ ಕಂಪ್ಯೂಟರಿನಲ್ಲೇ ಇರುತ್ತದೆ, ನಾನು ಕಾಪುವಿನಿಂದ ಅದನ್ನು ಎಳೆದು ಕತ್ತರಿಸಬೇಕು. ಅದಕ್ಕೆ ಎರಡೂವರೆ ಗಿಗಾಬಿಟ್ಟಿನ, ಅಂದರೆ ಎರಡೂವರೆ ಸಾವಿರ ಮೆಗಾಬಿಟ್ಟಿನ ಲೈನು ಅವರೇ ಹಾಕಿಸಿಕೊಡುತ್ತಾರೆ. ವೈಫೈ ಆಗದು, ವಯರೇ ಬೇಕು. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಅವರ ಯಂತ್ರ ನನ್ನ ಕಂಪ್ಯೂಟರಿನ ವೇಗ ಅಳೆಯುತ್ತದೆ. ಹತ್ತು ದಿನದ ಒಳಗೆ ಅದು ಎರಡು ಸಾವಿರ ದಾಟಬೇಕು. ದಾಟದಿದ್ದರೆ ಎಲ್ಲರ ಹಾಗೆ ಮಣಿಪಾಲಕ್ಕೇ ಬಂದು ಕುಳಿತುಕೊಳ್ಳಬೇಕು.

ಅಂದರೆ ನಾನು ಮಣಿಪಾಲಕ್ಕೆ ಹೋದರೆ ಅತ್ತೆ ಸಮುದ್ರಕ್ಕೆ, ಹೋಗದಿದ್ದರೆ ನಾನು ಮತ್ತೆ ಅಡುಗೆಮನೆಗೆ. ಇಷ್ಟು ಸರಳವಾಗಿತ್ತು.

ಲೈನು ಹಾಕಲು ಕಾರ್ಕಳದಿಂದ ಒಬ್ಬರು ಬಂದರು, ಐವತ್ತರ ಆಸುಪಾಸಿನವರು, ಮಾತು ಕಡಿಮೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆಯನ್ನು ಮನೆಯ ಮುಂದಿನ ಚಾವಡಿಗೆ ತಂದು, ಬಿಳಿ ಮೋಡೆಮ್ಮಿಗೆ ಸಿಕ್ಕಿಸಿ, ಮನೆಯಲ್ಲಿ ಹಿಂದಿನಿಂದ ಇದ್ದ ವಯರನ್ನು ಅದಕ್ಕೆ ಜೋಡಿಸಿ, ಚಹಾ ಕುಡಿದು ಹೋದರು. ಮರುದಿನ ಹತ್ತು ಗಂಟೆಗೆ ನಾನು ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಸ್ನಾನ ಮಾಡಿ ಕುಳಿತಿದ್ದೆ. ಪರದೆಯ ಮೇಲೆ ಸಂಖ್ಯೆ ಬಂತು. ತೊಂಬತ್ತನಾಲ್ಕು. ಮುಂದೆ ಇನ್ನೆರಡು ಅಂಕೆ ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ.

ಕಾರ್ಕಳದವರನ್ನು ಫೋನಿನಲ್ಲಿ ನಾನು ಏನೆಲ್ಲ ಅಂದೆನೋ ಇಲ್ಲಿ ಬರೆಯುವುದು ಬೇಡ. ಪಾಪ, ಶಿರ್ವ ದಾಟಿ ಬೈಕಿನಲ್ಲಿ ಮತ್ತೆ ಬಂದರು. ಮೋಡೆಮ್ಮಿಗೆ ತಮ್ಮ ಲ್ಯಾಪ್‌ಟಾಪನ್ನು ಚುಚ್ಚಿ, ತಿರುಗಿಸಿ ನನಗೆ ತೋರಿಸಿದರು. ಎರಡು ಸಾವಿರದ ಮುನ್ನೂರ ಅರವತ್ತು. ತಮ್ಮ ಜವಾಬ್ದಾರಿ ಇಲ್ಲಿಗೆ ಮುಗಿಯಿತು, ಇಲ್ಲಿಂದ ಮುಂದೆ ನಿಮ್ಮ ಮನೆ ಎಂದರು. ಆದರೂ ಒಳ್ಳೆಯ ಮನುಷ್ಯ, ವಯರು ಎಲ್ಲಿ ಹೋಗುತ್ತದೆಂದು ನೋಡುತ್ತ ಹೊರಟರು. ಚಾವಡಿಯಿಂದ ಹೊರಟ ವಯರು ಗೋಡೆಯಂಚಿನಲ್ಲಿ ಸಾಗಿ ಶೋಕೇಸಿನ ಹಿಂದೆ ಹೋಗಿತ್ತು. ಶೋಕೇಸಿನ ನಡುವಿನ ಹಲಗೆಯ ಮೇಲೆ ಒಂದು ಕಪ್ಪು ಬಾಕ್ಸು. ಮೋಡೆಮ್ಮಿನ ವಯರು ಅದರೊಳಗೆ ಹೋಗಿ, ಅದರಿಂದ ಎರಡು ವಯರು ಹೊರಟು, ಒಂದು ಟಿ.ವಿ.ಗೆ, ಒಂದು ಮಹಡಿಗೆ.

ನಮ್ಮ ಶೋಕೇಸಿನ ಬಗ್ಗೆ ಸ್ವಲ್ಪ ಹೇಳಬೇಕು. ಗಲ್ಫಿಗೆ ಹೋದವರಿರುವ ಮನೆಗಳಲ್ಲಿ ಇದು ದೇವರ ಕೋಣೆಯ ನಂತರದ ಸ್ಥಾನ. ನಮ್ಮದರಲ್ಲಿ ಮುಗಿದುಹೋದ ಸೆಂಟಿನ ಏಳು ಬಾಟಲಿ, ಒಮ್ಮೆಯೂ ಚಹಾ ಕಾಣದ ಗಾಜಿನ ಕಪ್ಪುಗಳು, ಚಿನ್ನದ ಬಣ್ಣದ ಒಂದು ಗಡಿಯಾರ ಇದೆ. ಗಡಿಯಾರ ನಿಂತು ಎಷ್ಟೋ ವರ್ಷವಾಗಿದೆ, ಆದರೆ ಅದು ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ, ಸೆಲ್ ಹಾಕಿಲ್ಲ ಎನ್ನುತ್ತೇವೆ. ಕಪ್ಪು ಬಾಕ್ಸು ನನ್ನ ಗಂಡ ಕೊನೆಯ ಬಾರಿ, ಕೆಲಸ ಹೋಗಿ ಪೂರ್ತಿಯಾಗಿ ಊರಿಗೆ ಬಂದಾಗ ತಂದದ್ದು. ಆಗ ಮನೆಯಲ್ಲಿ ಹಳೆಯ ಸಣ್ಣ ಲೈನು ಇತ್ತು. ಒಂದು ಲೈನನ್ನು ನಾಲ್ಕು ಕಡೆಗೆ ಹಂಚುವ ಯಂತ್ರ ಎಂದು ಇವರೇ ಜೋಡಿಸಿದರು. ಅತ್ತೆ ದಿನಾ ಅದನ್ನು ಸೆರಗಿನಲ್ಲಿ ಒರೆಸುತ್ತಾರೆ. ಆಯುಧ ಪೂಜೆಗೆ ಮಿಕ್ಸಿ, ಸ್ಕೂಟರಿನ ಜೊತೆ ಅದಕ್ಕೂ ಗಂಧದ ಬೊಟ್ಟು ಬೀಳುತ್ತದೆ.

ಕಾರ್ಕಳದವರು ಶೋಕೇಸಿನ ಗಾಜು ಸರಿಸಿ, ಕೈ ಚಾಚಿ, ಇದು ಎಂತದ್ದು ಎಂದು ಕೇಳಿದರು. ಕುರ್ಚಿಯಲ್ಲಿ ಕುಳಿತಿದ್ದ ಅತ್ತೆ, ಬೆಳಿಗ್ಗೆ ತಿಂದದ್ದು ಏನೆಂದು ನೆನಪಿಲ್ಲದ ಅತ್ತೆ, ಥಟ್ಟನೆ ಹೇಳಿದರು.

"ಅದು ದುಬೈದು."

ಚಾಚಿದ ಕೈ ಹಿಂದೆ ಬಂತು. ಅವರೂ ನಮ್ಮ ಜಿಲ್ಲೆಯವರೇ ಅಲ್ಲವೇ. ತಮ್ಮ ಭಾವ ಕೂಡ ದುಬೈಯಲ್ಲೇ ಇರುವುದೆಂದು ಹೇಳಿ, ಗಾಜನ್ನು ಮೆಲ್ಲಗೆ ಮುಚ್ಚಿ, ಮಹಡಿಗೆ ಹೋಗುವ ವಯರಿನ ಕಡೆಗೆ ತಿರುಗಿದರು. ಅದು ಹಳೆಯ ಜಾತಿಯ ವಯರು, ಅದೂ ಬಾವಿಯ ಪಂಪಿನ ಕರೆಂಟು ವಯರಿನ ಜೊತೆ ಒಂದೇ ಪೈಪಿನಲ್ಲಿ ಹೋಗಿದೆ, ಅದನ್ನು ಬದಲಿಸಿ ಎಂದು ಹೇಳಿ ಹೊರಟರು.

ಬದಲಿಸಿದೆವು. ಇವರು ಮನೆಗೆ ಬಂದ ಮೇಲೆ ನಾನು ಉಡುಪಿಗೆ ಹೋಗಿ ನೀಲಿ ಬಣ್ಣದ ಹೊಸ ವಯರಿನ ಸುರುಳಿ ತಂದೆ. ಪೈಪು ಗೋಡೆಯೊಳಗೆ ಕಟ್ಟಿಕೊಂಡಿದ್ದರಿಂದ ಗೋಡೆಯನ್ನೇ ಒಡೆಯಬೇಕಾಯಿತು. ಗೋಡೆ ಒಡೆಯುವುದಕ್ಕೆ ನನ್ನ ಗಂಡ ತೋರಿಸಿದ ಉತ್ಸಾಹವನ್ನು ನಾನು ಮದುವೆಯಾದ ಮೇಲೆ ಬೇರೆ ಯಾವುದರಲ್ಲೂ ಕಂಡಿರಲಿಲ್ಲ. ಮಲ್ಪೆಯಿಂದ ಬಂದವರು ಊಟ ಮಾಡಿ, ಒಂದು ನಿಮಿಷ ಮಲಗದೆ, ಸುತ್ತಿಗೆ ಹಿಡಿದರು. ಅತ್ತೆ ಧೂಳು ನೋಡಿ, ಯಾರ ಮದುವೆಗೆ ಸುಣ್ಣ ಬಳಿಯುವುದೆಂದು ಕೇಳಿದರು. ನಾನು ವಯರಿನ ತುದಿಗೆ ಪ್ಲಗ್ಗು ಹಾಕುವುದನ್ನು ವಿಡಿಯೊ ನೋಡಿ ಕಲಿತೆ. ಒಳಗೆ ಎಂಟು ಎಳೆ, ಎಂಟು ಬಣ್ಣ, ಒಂದು ಎಳೆ ಆಚೀಚೆ ಆದರೂ ಎಲ್ಲ ಹಾಳು. ಹದಿಮೂರು ಪ್ಲಗ್ಗು ಹಾಳು ಮಾಡಿ ಹದಿನಾಲ್ಕನೆಯದನ್ನು ಸರಿ ಹಾಕಿದೆ. ಆ ಹದಿಮೂರಕ್ಕೂ ಒಂದೊಂದು ಬೈಗುಳ ಸಂದಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆ. ತೊಂಬತ್ತನಾಲ್ಕು.

ಆಮೇಲೆ ಕಂಪ್ಯೂಟರಿನದ್ದೇ ದೋಷ ಎನಿಸಿತು. ಓದಿ ನೋಡಿದರೆ ಅದರ ಬಾಯಿ ಒಂದು ಸಾವಿರಕ್ಕಿಂತ ಹೆಚ್ಚು ಕುಡಿಯಲಾರದು ಎಂದು ತಿಳಿಯಿತು. ಎರಡೂವರೆ ಸಾವಿರ ಕುಡಿಯುವ ಹೊಸ ಅಡಾಪ್ಟರ್ ತರಿಸಿದೆ. ಆರನೆಯ ದಿನ ತೊಂಬತ್ತನಾಲ್ಕು. ಉಪ್ಪುಗಾಳಿಗೆ ವಯರಿನ ತಾಮ್ರ ಕಿಲುಬು ಹಿಡಿದಿರಬಹುದೆಂದು ಇವರು ಹೇಳಿದರು. ಮೊನ್ನೆ ತಂದ ತಾಮ್ರ ಇವತ್ತೇ ಹಾಳಾಗಲು ಅದೇನು ಬಂಗುಡೆ ಮೀನಾ ಎಂದು ಕೇಳಿದೆ. ಇವರು ನಗಲಿಲ್ಲ. ಬಿಸಿಲಿನಲ್ಲಿ ಕುಳಿತು ಎಲ್ಲ ತುದಿಗಳನ್ನೂ ಕತ್ತರಿಸಿ ಮತ್ತೆ ಹಾಕಿದರು. ಏಳನೆಯ ದಿನವೂ ಅದೇ. ಪೇಟೆಯಲ್ಲಿ ಯಾವುದೋ ಸ್ಕೂಟರಿನ ನಂಬರಿನಲ್ಲಿ ತೊಂಬತ್ತನಾಲ್ಕು ಕಂಡು, ಅದರ ಮೇಲೆ ಕುಳಿತಿದ್ದ ಅಪರಿಚಿತನನ್ನು ಗುರಾಯಿಸಿ ಬಂದಿದ್ದೇನೆ.

ಆ ಸಂಜೆ ಚಹಾ ಕುಡಿಯುವಾಗ, ಈ ಬಾಕ್ಸನ್ನೂ ಒಮ್ಮೆ ತೆಗೆದು ನೋಡಿದರೆ ಹೇಗೆ ಎಂದೆ. ತಮಾಷೆಗೆ ಹೇಳಿದ ಹಾಗೆ ಹೇಳಿದ್ದು, ಯಾಕೆಂದರೆ ನನಗೇ ಆ ಮಾತಿನಲ್ಲಿ ನಂಬಿಕೆ ಇರಲಿಲ್ಲ.

"ಅದು ಬೇಡ," ಎಂದರು ಇವರು, ಲೋಟದ ಒಳಗೆ ನೋಡುತ್ತ. "ಅದು ಸರಿ ಉಂಟು."

ನಾನು ಒಪ್ಪಿದೆ. ಜಗಳಗಂಟಿ ಎಂದು ಎರಡೂ ಕಡೆಯ ನೆಂಟರಲ್ಲಿ ಹೆಸರು ಪಡೆದ ನಾನು, ಒಂದು ಎದುರು ಮಾತಾಡದೆ ಒಪ್ಪಿದೆ. ನಾನೂ ಇಲ್ಲಿಯವಳೇ. ಚಿಕ್ಕವಳಿದ್ದಾಗ ಮಾವ ಬಹರೈನಿನಿಂದ ತಂದ ಟಾರ್ಚು ನಮ್ಮ ಮನೆಯಲ್ಲಿತ್ತು. ಅದು ಉರಿಯದಾದಾಗ ನಮ್ಮಮ್ಮ ಬೈದದ್ದು ಊರಿನ ಸೆಲ್ಲನ್ನು. ಹೊರಗಿನ ಮಾಲು ಎಂದರೆ ಅದು ಹೊರಗಿನ ಮಾಲು. ಅದರ ಮೇಲೆ ಸಂಶಯಪಡುವುದೆಂದರೆ ತಂದವರ ಬೆವರಿನ ಮೇಲೆ ಸಂಶಯಪಟ್ಟ ಹಾಗೆ.

ಒಂಬತ್ತನೆಯ ದಿನ ತೊಂಬತ್ತನಾಲ್ಕು ಬಂದು ಹತ್ತು ನಿಮಿಷವಾಗಿತ್ತು. ಮಣಿಪಾಲದವಳ ಫೋನು. ಬೇಸರದಿಂದಲೇ ಮಾತಾಡಿದಳು. ನಾಳೆಗೆ ಅವಧಿ ಮುಗಿಯುತ್ತದೆ, ಬೇರೊಬ್ಬರು ಕಾಯುತ್ತಿದ್ದಾರೆ, ನೀವು ಇಲ್ಲಿಗೇ ಬರಲು ಸಾಧ್ಯವೇ ಎಂದಳು. ಕೆಳಗೆ ಅತ್ತೆ ಗೇಟಿನ ಬೀಗ ಅಲ್ಲಾಡಿಸುವ ಸದ್ದು ಕೇಳುತ್ತಿತ್ತು. ನನಗೆ ಅಳು ಬಂತು. ಸಿಟ್ಟಿನವರಿಗೆ ಅಳು ಬಂದರೆ ಬಹಳ ಅವಮಾನ, ಫೋನು ದೂರ ಹಿಡಿದು ಕಣ್ಣೊರೆಸಿಕೊಂಡೆ. ಅವಳು, ಮೋಡೆಮ್ಮಿಗೂ ನಿಮಗೂ ನಡುವೆ ಬೇರೆ ಏನಾದರೂ ಇದೆಯೇ ಎಂದು ಕೇಳಿದಳು.

"ಒಂದು ಬಾಕ್ಸು ಉಂಟು," ಎಂದೆ. "ಆದರೆ ಅದು ದುಬೈಯಿಂದ ತಂದದ್ದು."

"ದುಬೈಯಿಂದ ತಂದರೆ ಏನಾಗುತ್ತದೆ?"

ಕೇಳಿದ್ದರಲ್ಲಿ ವ್ಯಂಗ್ಯವಿರಲಿಲ್ಲ, ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ. ನಲವತ್ತೇಳು ವರ್ಷದಲ್ಲಿ ಯಾರೂ ನನ್ನನ್ನು ಈ ಪ್ರಶ್ನೆ ಕೇಳಿರಲಿಲ್ಲ. ಬಾಕ್ಸನ್ನು ಮಗುಚಿ, ಅಡಿಯಲ್ಲಿ ಬರೆದದ್ದನ್ನು ಓದಿ ಹೇಳಿ ಎಂದಳು. ನಾನು ಕೆಳಗೆ ಬಂದೆ, ಗಾಜು ಸರಿಸಿದೆ, ಬಾಕ್ಸನ್ನು ಎತ್ತಿ ಮಗುಚಿದೆ. ಅದು ನಮ್ಮ ಮನೆಗೆ ಬಂದ ಮೇಲೆ ನಾನು ಅದನ್ನು ಮಗುಚಿದ್ದು ಅದೇ ಮೊದಲು. ಬೆಚ್ಚಗಿತ್ತು.

ಹತ್ತು, ಓರೆಗೆರೆ, ನೂರು ಎಂದು ಓದಿದೆ. ಅವಳು ಒಂದು ಉಸಿರು ಬಿಟ್ಟಳು. ಅದರ ಯೋಗ್ಯತೆಯೇ ನೂರು, ಅದರಲ್ಲಿ ಸ್ವಲ್ಪ ಸೋರಿ ತೊಂಬತ್ತನಾಲ್ಕು, ನೀವು ಬಂಗಾರದ ವಯರು ಹಾಕಿದರೂ ಅಷ್ಟೇ ಎಂದಳು. ಅದನ್ನು ಬಿಟ್ಟು ಮಹಡಿಯ ವಯರನ್ನು ನೇರವಾಗಿ ಮೋಡೆಮ್ಮಿಗೆ ಹಾಕಿ ಎಂದಳು.

ನನ್ನ ಕಣ್ಣು ಇನ್ನೂ ಬಾಕ್ಸಿನ ಅಡಿಯಲ್ಲೇ ಇತ್ತು. ಆ ಸಂಖ್ಯೆಯ ಪಕ್ಕದಲ್ಲಿ ಒಂದು ಸಣ್ಣ ಬಿಳಿ ಚೀಟಿ ಅಂಟಿಸಿತ್ತು. ಉಡುಪಿಯ ಬಸ್ ನಿಲ್ದಾಣದ ಹತ್ತಿರದ ಒಂದು ಅಂಗಡಿಯ ಹೆಸರು. ಒಂದು ವರ್ಷ ವಾರಂಟಿ, ಚೀಟಿ ಕಿತ್ತರೆ ವಾರಂಟಿ ಇಲ್ಲ. ಅದರ ಕೆಳಗೆ ಪೆನ್ನಿನಲ್ಲಿ ಬರೆದ ತಾರೀಕು. ಆ ತಾರೀಕು ನನಗೆ ಗೊತ್ತಿತ್ತು. ಅದೊಂದು ಗುರುವಾರ, ಸ್ಟುಡಿಯೊಗೆ ರಜೆ ಹಾಕಿ, ಇವರು ಗಲ್ಫಿನಿಂದ ಬರುತ್ತಾರೆಂದು ಬೆಳಿಗ್ಗೆಯಿಂದ ಕಾದಿದ್ದೆ.

ವಯರನ್ನು ಎಳೆದು ಮೋಡೆಮ್ಮಿಗೆ ಹಾಕಿ, ಮಹಡಿಗೆ ಹೋಗಿ ನೋಡಿದೆ. ಒಂಬೈನೂರ ನಲವತ್ತು. ತಪ್ಪು ತೂತಿಗೆ ಹಾಕಿದ್ದೀರಿ, ಮೂಲೆಯಲ್ಲಿ ಬೇರೆ ಬಣ್ಣದ್ದು ಒಂದು ಇರುತ್ತದೆ, ಅದಕ್ಕೆ ಹಾಕಿ ಎಂದಳು. ಮತ್ತೆ ಮೆಟ್ಟಿಲಿಳಿದು, ಹಾಕಿ, ಹತ್ತಿದೆ. ಎರಡು ಸಾವಿರದ ಮುನ್ನೂರ ನಲವತ್ತು. ನೀಲಿ ವಯರೂ ಬೇಕಿತ್ತು, ಹೊಸ ಅಡಾಪ್ಟರೂ ಬೇಕಿತ್ತು, ಒಡೆದ ಗೋಡೆಯೂ ವ್ಯರ್ಥವಲ್ಲ ಎಂದು ಸಮಾಧಾನ ಹೇಳಿದಳು. ಕೆಲಸ ಇವತ್ತಿನಿಂದಲೇ ನಿಮ್ಮದು, ಸಂತೋಷವಾಯಿತಲ್ಲವೇ ಎಂದು ಕೇಳಿದಳು. ಆಯಿತು ಎಂದೆ. ಆಗಿತ್ತು ಕೂಡ. ಆದರೆ ಅತ್ತೆಗೆ ಗಂಜಿ ಬಡಿಸಿ, ಆ ಚೀಟಿಯನ್ನು ಮತ್ತೊಮ್ಮೆ ಓದಿದೆ.

ಗಲ್ಫಿನಿಂದ ವಿಮಾನದಲ್ಲಿ ಮಂಗಳೂರಿಗೆ ಬಂದವರು ಬಸ್ಸು ಹಿಡಿದು ಉತ್ತರಕ್ಕೆ ಬರಬೇಕು. ಮೂಲ್ಕಿ, ಪಡುಬಿದ್ರಿ, ಆಮೇಲೆ ನಮ್ಮ ಕಾಪು. ಉಡುಪಿ ಕಾಪುವಿನಿಂದ ಇನ್ನೂ ಮುಂದೆ. ಉಡುಪಿಯ ಅಂಗಡಿಗೆ ಹೋಗಬೇಕಾದರೆ ಮನೆ ದಾಟಿಯೇ ಹೋಗಬೇಕು. ಆ ಗುರುವಾರ ಇವರು ಎರಡು ಗಂಟೆಗೆ ಬಂದು, ವಿಮಾನ ತಡವಾಯಿತು ಎಂದಿದ್ದರು.

ಇವರು ಮಲ್ಪೆಯಿಂದ ಬಂದಾಗ ಒಂದೂವರೆ. ಬಾಕ್ಸು ಊಟದ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಹಸಿರು ದೀಪ ಆರಿತ್ತು. ಇದನ್ನು ತೆಗೆದ ಕೂಡಲೇ ವೇಗ ಬಂತು ಎಂದೆ. ಚೀಟಿ ಮೇಲಾಗಿರುವುದನ್ನು ನೋಡಿ ಇವರು ಅಲ್ಲೇ ಕುಳಿತರು. ನಿನ್ನ ಕೆಲಸಕ್ಕೆ ಅಡ್ಡ ಬಂದದ್ದು ಇದೇ ಎಂದು ನನಗೆ ಗೊತ್ತಿರಲಿಲ್ಲ, ವಯರಿನದ್ದೇ ಎಂದುಕೊಂಡಿದ್ದೆ, ನೀನು ಇದನ್ನು ಮಗುಚದೆ ಇದ್ದರೆ ಸಾಕು ಎಂದಷ್ಟೇ ನನಗಿತ್ತು ಎಂದರು. ಕಂಪನಿ ಮುಚ್ಚಿ, ಸಂಜೆ ಹೇಳಿ, ನಸುಕಿಗೇ ವಿಮಾನ ಹತ್ತಿಸಿದ್ದರಂತೆ. ಅಲ್ಲಿನ ಅಂಗಡಿಯ ಮುಖ ನೋಡಲೂ ಬಿಟ್ಟಿರಲಿಲ್ಲವಂತೆ. ಪೆಟ್ಟಿಗೆಯಲ್ಲಿ ಇದ್ದದ್ದು ಇವರ ನಾಲ್ಕು ಅಂಗಿ. ಖರ್ಜೂರ, ಸೆಂಟು, ಹಾಲಿನ ಪುಡಿ, ಈ ಬಾಕ್ಸು ಎಲ್ಲ ಉಡುಪಿಯದ್ದು. ಚೀಟಿ ಕೀಳಲು ಎಷ್ಟೋ ಸಲ ನೋಡಿದರಂತೆ, ವಾರಂಟಿ ಹೋಗುತ್ತದಲ್ಲ ಎಂದು ಬಿಟ್ಟರಂತೆ. ಅದನ್ನು ಕೇಳಿ ನನಗೆ ನಗು ಬಂದು, ನಗುತ್ತಲೇ ಸಿಟ್ಟೂ ಬಂತು.

"ಕಾಪು ದಾಟಿ ಹೋದಿರಾ?" ಎಂದೆ.

"ಬಸ್ಸು ಕಾಪುವಿನಲ್ಲಿ ನಿಂತಿತು. ಎದ್ದೆ. ಬಾಗಿಲಿನವರೆಗೆ ಬಂದೆ. ಪುನಃ ಹೋಗಿ ಕುಳಿತೆ."

ನನಗೆ ತಡೆಯಲಾಗಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಹದಿನೆಂಟು ವರ್ಷ ದೂರ ಇದ್ದವರಿಗೆ ಮನೆಯ ಹತ್ತಿರ ಬಂದ ಮೇಲೂ ಮೂರು ಗಂಟೆ ಬೇಕಾಯಿತಾ ಎಂದೆ. ಬರಿಗೈಯಲ್ಲಿ ಬಂದಿದ್ದರೆ ನಾನು ಗೇಟು ಹಾಕಿಕೊಳ್ಳುತ್ತಿದ್ದೆನಾ ಎಂದು ಕೇಳಿದೆ. ಇವರು ಸಿಟ್ಟಾಗಲಿಲ್ಲ.

"ಗೊತ್ತಿಲ್ಲ," ಎಂದರು. "ಹಾಗೆ ಬಂದು ನೋಡಿದ್ದೇ ಇಲ್ಲ ಅಲ್ವಾ."

ಅಷ್ಟರಲ್ಲಿ ಅತ್ತೆ ಬಂದು, ಮೇಜಿನ ಮೇಲಿದ್ದ ಬಾಕ್ಸನ್ನು ತೆಗೆದುಕೊಂಡು, ಸೆರಗಿನಲ್ಲಿ ಒರೆಸಿ, ಅದರ ಜಾಗದಲ್ಲಿಟ್ಟು ಗಾಜು ಮುಚ್ಚಿದರು. ನಾನು ಅನ್ನ ಬಡಿಸಿದೆ, ಇವರು ತಲೆ ತಗ್ಗಿಸಿ ಊಟ ಮಾಡಿದರು. ಎದುರಿಗೆ ಕುಳಿತು ಇವರ ಕೈ ನೋಡುತ್ತ ನಾನು ಆ ಗುರುವಾರವನ್ನು ನೆನಪು ಮಾಡಿಕೊಂಡೆ. ಮೀನಿನ ಸಾರು ಮಾಡಿದ್ದೆ. ಆಟೊ ನಿಂತ ಸದ್ದು ಕೇಳಿ ಓಡಿದ್ದೆ. ಪೆಟ್ಟಿಗೆಯನ್ನು ನಾನೇ ಒಳಗೆ ಎಳೆದು ತಂದು, ಚಾವಡಿಯಲ್ಲೇ ಕುಳಿತು ಜಿಪ್ಪು ತೆಗೆದಿದ್ದೆ, ಒಂದೊಂದನ್ನೇ ಹೊರಗೆ ತೆಗೆದು ಅತ್ತೆಗೆ ತೋರಿಸಿದ್ದೆ. ಇವರು ಗೋಡೆಗೆ ಒರಗಿ ನಿಂತು ನೋಡುತ್ತಿದ್ದರು. ಇಷ್ಟೆಲ್ಲ ನೆನಪಿದೆ. ಇವರಿಗೆ ಕುಡಿಯಲು ನೀರು ಕೊಟ್ಟೆನೋ ಇಲ್ಲವೋ ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.